ಗುಜರಿಯಿಂದ ಬಂದ ಬಿಬಿಸಿ ಮೈಕ್ರೋ

ಹಳೇ ಕಂಪ್ಯೂಟರಿಗೆ ಚಿನ್ನವೇ ಶತ್ರು. ಎಂಬತ್ತರ ದಶಕದ ಬೋರ್ಡುಗಳಲ್ಲಿ ಕನೆಕ್ಟರಿನ ತುದಿಗೆ, ಕೆಲವು ಐಸಿಗಳ (ಚಿಪ್ಪುಗಳ) ಕಾಲಿಗೆ ತೆಳುವಾಗಿ ಚಿನ್ನದ ಲೇಪ ಇರುತ್ತದೆ. ಬೆಂಗಳೂರಿನ ಗೌರಿಪಾಳ್ಯದ ಕಡೆ ಇಂಥ ಮಾಲು ಬಿಚ್ಚುವ ಸಣ್ಣ ಸಣ್ಣ ಶೆಡ್ಡುಗಳಿವೆ. ಅಲ್ಲಿಗೆ ಒಂದು ಸಲ ಹೋಯಿತೆಂದರೆ ಪ್ಲಾಸ್ಟಿಕ್ ಒಂದು ಕಡೆ, ತಾಮ್ರ ಒಂದು ಕಡೆ, ಬೋರ್ಡು ಇನ್ನೊಂದು ಕಡೆ. ಯಾವ ಕಾಲದ್ದು, ಯಾರು ಮಾಡಿದ್ದು ಅಂತ ಯಾರೂ ಕೇಳುವುದಿಲ್ಲ. ಕಿಲೋಗೆ ಎಷ್ಟು ಅನ್ನುವುದಷ್ಟೇ ಲೆಕ್ಕ. ಅವರನ್ನು ನಾನು ದೂರುವುದಿಲ್ಲ, ಅದು ಅವರ ಹೊಟ್ಟೆಪಾಡು. ಆದರೆ ಅವರು ಬಿಚ್ಚುವ ಮೊದಲು ನಾನು ಅಲ್ಲಿರಬೇಕು. ನನ್ನ ಹವ್ಯಾಸದಲ್ಲಿ ಅರ್ಧ ಈ ಓಟವೇ.

ಅದಕ್ಕಾಗಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನ ಹಿಂದಿನ ಗಲ್ಲಿಗಳಲ್ಲಿ ಕೆಲವರ ಪರಿಚಯ ಮಾಡಿಕೊಂಡಿದ್ದೇನೆ. ಏನಾದರೂ ವಿಚಿತ್ರವಾದದ್ದು ಬಂದರೆ ಫೋನ್ ಮಾಡುತ್ತಾರೆ. ಈ ಸಲ ಬಂದ ಫೋನ್ ಹೀಗಿತ್ತು: "ಸಾರ್, ಟೈಪ್‌ರೈಟರ್ ಥರ ಒಂದು ಬಂದಿದೆ. ಮೇಲ್ಗಡೆ ಸಾಲಾಗಿ ಕೆಂಪು ಬಟನ್ ಇದಾವೆ. ಬೇಕಾ?"

ಕೆಂಪು ಬಟನ್ ಅಂದ ತಕ್ಷಣ ಗೊತ್ತಾಯಿತು. ಕೆನೆ ಬಣ್ಣದ ಡಬ್ಬಿ, ಕಪ್ಪು ಕೀಲಿಗಳು, ಮೇಲೆ ಸಾಲಾಗಿ ಹತ್ತು ಕೆಂಪು ಫಂಕ್ಷನ್ ಕೀಲಿಗಳು ಅಂದರೆ ಬಿಬಿಸಿ ಮೈಕ್ರೋ. ಅವರಿಗೆ ಹೇಳಿದ್ದು ಒಂದೇ ಮಾತು: "ಅಣ್ಣ, ಇಟ್ಟಿರಿ, ಈಗಲೇ ಬರ್ತೀನಿ. ದಯವಿಟ್ಟು ಪ್ಲಗ್ ಮಾತ್ರ ಹಾಕಿ ನೋಡಬೇಡಿ."

ಬಿಬಿಸಿ ಮೈಕ್ರೋ ಹೊರಬಂದದ್ದು 1981ರ ಡಿಸೆಂಬರಿನಲ್ಲಿ. ಕೇಂಬ್ರಿಜ್‌ನ ಏಕಾರ್ನ್ ಕಂಪನಿ ಬಿಬಿಸಿಯ ಕಂಪ್ಯೂಟರ್ ಶಿಕ್ಷಣ ಕಾರ್ಯಕ್ರಮಕ್ಕಾಗಿ ಮಾಡಿದ್ದು. 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್, ಮಾಡೆಲ್ ಬಿ ಆದರೆ 32 ಕಿಲೋಬೈಟ್ ರ‍್ಯಾಮ್. ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. ನಮ್ಮ ದೇಶಕ್ಕೂ ಇದಕ್ಕೂ ಒಳ್ಳೆಯ ನಂಟಿದೆ. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 'ಕ್ಲಾಸ್' ಅನ್ನುವ ಯೋಜನೆ ಶುರು ಮಾಡಿದಾಗ ಆರಿಸಿಕೊಂಡದ್ದು ಇದನ್ನೇ. ಆಮೇಲೆ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದನ್ನು 'ಯೂನಿಕಾರ್ನ್' ಅನ್ನುವ ಹೆಸರಿನಲ್ಲಿ ಇಲ್ಲೇ ಜೋಡಿಸಿತು. ನಮ್ಮಲ್ಲಿ ಎಷ್ಟೋ ಮಂದಿ ಮೊದಲ ಸಲ ಕೀಬೋರ್ಡ್ ಮುಟ್ಟಿದ್ದು ಈ ಯಂತ್ರದ ಮೇಲೆ, ಮೇಷ್ಟ್ರು ಪಕ್ಕದಲ್ಲಿ ನಿಂತು "ಮೆತ್ತಗೆ, ಮೆತ್ತಗೆ" ಅನ್ನುತ್ತಿರುವಾಗ.

ಗುಜರಿಯಲ್ಲಿ ನನಗೆ ಸಿಕ್ಕಿದ್ದೂ ಯಾವುದೋ ಶಾಲೆಯದ್ದೇ ಇರಬೇಕು. ಬದಿಯಲ್ಲಿ ಬಿಳಿ ಪೇಂಟಿನಲ್ಲಿ ಸ್ಟಾಕ್ ರಿಜಿಸ್ಟರಿನ ನಂಬರ್ ಬರೆದಿತ್ತು. ಸರ್ಕಾರಿ ಬೆಂಚಿನ ಮೇಲೆ, ಬೀರುವಿನ ಮೇಲೆ ಬರೆಯುತ್ತಾರಲ್ಲ, ಅದೇ ಕೈಬರಹ. ಅದನ್ನು ನಾನು ಅಳಿಸಿಲ್ಲ, ಅಳಿಸುವುದೂ ಇಲ್ಲ. ಕೆಲವು ಸಂಗ್ರಾಹಕರು ಹಳದಿಯಾದ ಪ್ಲಾಸ್ಟಿಕ್ಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಮತ್ತೆ ಬೆಳ್ಳಗೆ ಮಾಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಯಂತ್ರಕ್ಕೆ ನಲವತ್ತು ವರ್ಷ ಆಗಿದ್ದರೆ ನಲವತ್ತು ವರ್ಷದ್ದಾಗಿಯೇ ಕಾಣಲಿ. ನನಗೆ ಬೇಕಾದದ್ದು ಅದು ಓಡುವುದು. ಗಾಜಿನ ಕಪಾಟಿನಲ್ಲಿ ಆಫ್ ಆಗಿ ಕೂತ ಕಂಪ್ಯೂಟರ್ ನೋಡಿದರೆ ನನಗೆ ಸಂಕಟವಾಗುತ್ತದೆ.

ಪ್ಲಗ್ ಹಾಕಬೇಡಿ ಅಂದದ್ದು ಯಾಕೆ ಅಂತ ಹೇಳಬೇಕು. ಆ ಕಾಲದ ಪವರ್ ಸಪ್ಲೈಗಳಲ್ಲಿ, ಕರೆಂಟು ಒಳಗೆ ಬರುವ ಜಾಗದಲ್ಲೇ ಫಿಲ್ಟರ್ ಕಂಡೆನ್ಸರುಗಳಿರುತ್ತವೆ (ಕೆಪಾಸಿಟರ್ ಅಂತಲೂ ಅನ್ನುತ್ತಾರೆ). ಲೋಹ ಲೇಪಿಸಿದ ಕಾಗದ ಸುತ್ತಿ, ಮೇಲೆ ಪಾರದರ್ಶಕವಾದ ರಾಳ ಹಾಕಿ ಮಾಡಿದವು. ವರ್ಷ ಕಳೆದಂತೆ ರಾಳ ಬಿರುಕು ಬಿಡುತ್ತದೆ. ಗಾಳಿಯ ತೇವ ಕಾಗದಕ್ಕೆ ಇಳಿಯುತ್ತದೆ. ಮತ್ತೆ 230 ವೋಲ್ಟ್ ಕೊಟ್ಟರೆ ಮೊದಲ ಕೆಲವು ನಿಮಿಷ ಎಲ್ಲ ಸರಿಯಾಗಿರುವ ಹಾಗೆ ಕಾಣುತ್ತದೆ. ಆಮೇಲೆ ಪಟ್ ಅಂತ ಒಡೆದು, ಮನೆ ತುಂಬ ಹೊಗೆ. ಆ ವಾಸನೆ ಪರದೆ, ಹಾಸಿಗೆಗೆಲ್ಲ ಹತ್ತಿ ವಾರಗಟ್ಟಲೆ ಹೋಗುವುದಿಲ್ಲ. ಯಂತ್ರಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೆ ಆ ಪರೀಕ್ಷೆ ಯಾಕೆ ಬೇಕು, ಅಲ್ವಾ?

ಬಿಬಿಸಿ ಮೈಕ್ರೋ ಬಿಚ್ಚುವುದು ಸುಲಭ. ಹಿಂದೆ ಎರಡು, ಅಡಿಯಲ್ಲಿ ಎರಡು ದಪ್ಪ ಸ್ಕ್ರೂ. ಪಕ್ಕದಲ್ಲಿ 'ಫಿಕ್ಸ್' ಅಂತ ಅಚ್ಚು ಹಾಕಿರುತ್ತಾರೆ. ಅವನ್ನು ತೆಗೆದರೆ ಮುಚ್ಚಳ ಹಾಗೇ ಮೇಲೆ ಬರುತ್ತದೆ. ರಿಪೇರಿ ಮಾಡುವವರಿಗಾಗಿ ಯೋಚಿಸಿ ಮಾಡಿದ ಯಂತ್ರ ಇದು. ಇವತ್ತಿನ ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿಯನ್ನೇ ಅಂಟು ಹಾಕಿ ಕೂರಿಸಿರುವುದು ನೋಡಿದರೆ ಈ ನಾಲ್ಕು ಸ್ಕ್ರೂಗಳ ಬೆಲೆ ಗೊತ್ತಾಗುತ್ತದೆ.

ಒಳಗೆ ಧೂಳು, ಜಿರಳೆ ಮೊಟ್ಟೆ, ಯಾರೋ ಹುಡುಗ ಸಂದಿಯಲ್ಲಿ ತೂರಿಸಿದ ಚಾಕ್‌ಪೀಸಿನ ಚೂರು. ಅಗಲವಾದ ಪೇಂಟ್ ಬ್ರಷ್ಷಿನಲ್ಲಿ ಧೂಳು ತೆಗೆದೆ. ಕೀಲಿಗಳ ಟೋಪಿಗಳನ್ನು ಒಂದೊಂದಾಗಿ ಕಿತ್ತು, ಮುಚ್ಚಳದ ಜೊತೆ ಸೋಪುನೀರಿನಲ್ಲಿ ತೊಳೆದು ಒಣಗಲು ಇಟ್ಟೆ. ಮಳೆಗಾಲ ಬೇರೆ. ಒಣಗುವ ತನಕ ಕೈಕಟ್ಟಿ ಕೂರುವ ಬದಲು ಬಾಕಿ ಉಳಿದಿದ್ದ ಇನ್ನೊಂದು ಕೆಲಸ ಎತ್ತಿಕೊಂಡೆ.

ಕಂಪ್ಯೂಟರುಗಳ ಜೊತೆಗೆ ನನಗೆ ಹಳೇ ಡಿಸ್‌ಪ್ಲೇಗಳ ಹುಚ್ಚೂ ಇದೆ. ಅಂಕಿ ತೋರಿಸುವುದಕ್ಕೆ ಮನುಷ್ಯರು ಎಷ್ಟೆಲ್ಲ ದಾರಿ ಹುಡುಕಿದ್ದಾರೆ! 1955ರಲ್ಲಿ ಅಮೆರಿಕದ ಬರೋಸ್ ಕಂಪನಿ ತಂದ ನಿಕ್ಸಿ ಟ್ಯೂಬಿನಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ತೆಳು ಲೋಹದಲ್ಲಿ ಮಾಡಿ, ಒಂದರ ಹಿಂದೆ ಒಂದು ನಿಲ್ಲಿಸಿರುತ್ತಾರೆ. ಯಾವುದಕ್ಕೆ ಕರೆಂಟು ಕೊಡುತ್ತೀರೋ ಅದರ ಸುತ್ತ ಕಿತ್ತಳೆ ಬೆಳಕು. 1972ರ ಎಚ್‌ಪಿ-35 ಕ್ಯಾಲ್ಕುಲೇಟರಿನಲ್ಲಿ ಸಾಸಿವೆಗಿಂತ ಚಿಕ್ಕ ಕೆಂಪು ಎಲ್‌ಇಡಿಗಳು, ಅವುಗಳ ಮೇಲೆ ಗುಳ್ಳೆಯಂಥ ಲೆನ್ಸು. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1967ರಲ್ಲಿ ಜಪಾನಿನಲ್ಲಿ ಹುಟ್ಟಿದ ವಿಎಫ್‌ಡಿ, ಅಂದರೆ ವ್ಯಾಕ್ಯೂಮ್ ಫ್ಲೋರೊಸೆಂಟ್ ಡಿಸ್‌ಪ್ಲೇ. ಹಳೇ ವಿಸಿಆರ್‌ನಲ್ಲಿ, ಮೈಕ್ರೋವೇವ್ ಓವನ್‌ನಲ್ಲಿ ಸಮಯ ತೋರಿಸುತ್ತಿದ್ದ ಆ ಹಸಿರು-ನೀಲಿ ಬೆಳಕು. ಕೋಣೆಯ ದೀಪ ಪೂರ್ತಿ ಆರಿಸಿ ಹತ್ತಿರದಿಂದ ನೋಡಿ. ಅಂಕಿಗಳ ಮುಂದೆ ಕೂದಲೆಳೆಯಷ್ಟು ಸಣ್ಣ ತಂತಿಗಳು ಅಡ್ಡಡ್ಡ ಹಾದುಹೋಗಿರುತ್ತವೆ, ಕಂಡೂ ಕಾಣದಂತೆ ಕೆಂಪಗೆ. ಅವುಗಳಿಂದ ಹೊರಟ ಎಲೆಕ್ಟ್ರಾನುಗಳು ಫಾಸ್ಫರ್ ಅನ್ನುವ ಹೊಳೆಯುವ ಲೇಪಕ್ಕೆ ಬಡಿದಾಗ ಬರುವ ಬೆಳಕು ಅದು. ಆ ಪುಟ್ಟ ಗಾಜಿನೊಳಗೆ ಇಡೀ ರೇಡಿಯೋ ವಾಲ್ವಿನ ತತ್ವವೇ ಕೂತಿದೆ. ಇದೆಲ್ಲ ಆನ್ ಆಗಿದ್ದಾಗ ಮಾತ್ರ ಕಾಣುತ್ತದೆ. ಆಫ್ ಆಗಿದ್ದರೆ ಬರೀ ಬೂದು ಗಾಜು.

ಬಾಕಿ ಇದ್ದ ಕೆಲಸ ಮಾತ್ರ ಎಲ್‌ಸಿಡಿಯದ್ದು. ಗಲ್ಫಿನಲ್ಲಿದ್ದ ಸಂಬಂಧಿಕರು ಎಂಬತ್ತರ ದಶಕದಲ್ಲಿ ತಂದುಕೊಡುತ್ತಿದ್ದ ಕೈಗಾತ್ರದ ವಿಡಿಯೋ ಗೇಮ್ ನೆನಪಿದೆಯಾ? ಅಂಥದ್ದೊಂದು ಸ್ನೇಹಿತರ ಮನೆಯಿಂದ ಬಂದಿತ್ತು. ಬ್ಯಾಟರಿ ಸೋರಿ, ಸ್ಪ್ರಿಂಗಿಗೆ ಬಿಳಿ-ಹಸಿರು ಪುಡಿ ಕಟ್ಟಿತ್ತು. ಅಲ್ಕಲೈನ್ ಸೋರಿಕೆಗೆ ನಿಂಬೆರಸ ಸಾಕು. ಹತ್ತಿಕಡ್ಡಿಯಲ್ಲಿ ಹಚ್ಚಿದರೆ ನೊರೆ ಬಂದು ಬಿಡುತ್ತದೆ, ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಆಟ ಆನ್ ಆಯಿತು, ಟಿಕ್ ಟಿಕ್ ಸದ್ದೂ ಬಂತು. ಪರದೆಯಲ್ಲಿ ಮಾತ್ರ ಏನೂ ಕಾಣುತ್ತಿರಲಿಲ್ಲ, ಬರೀ ಕಂದು ಕಲೆ.

ಎಲ್‌ಸಿಡಿ ಗಾಜಿನ ಹಿಂದೆ-ಮುಂದೆ ಒಂದೊಂದು ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ಅಂಟಿಸಿರುತ್ತಾರೆ. ಬಿಸಿಲು, ತೇವ ತಿಂದು ಹಾಳಾಗುವುದು ಆ ಹಾಳೆ. ಒಳಗೆ ಚಿತ್ರ ಮೂಡಿಸುವ ದ್ರವ ಹರಳು (ಲಿಕ್ವಿಡ್ ಕ್ರಿಸ್ಟಲ್) ಬಹಳ ಸಲ ಚೆನ್ನಾಗೇ ಇರುತ್ತದೆ. ಬ್ಲೇಡಿನ ತುದಿಯಿಂದ ಒಂದು ಮೂಲೆ ಎಬ್ಬಿಸಿ, ಗಾಜಿಗೆ ಭಾರ ಬೀಳದ ಹಾಗೆ ನಿಧಾನವಾಗಿ ಎಳೆದೆ. ಹುಳಿ ವಾಸನೆ ಬಂತು, ವಿನೆಗರಿನದ್ದೇ. ಹಾಳೆಯ ಪ್ಲಾಸ್ಟಿಕ್ ಕೊಳೆತಾಗ ಬಿಡುವ ಆಮ್ಲ ಅದು. ಉಳಿದ ಅಂಟನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ನೆನೆಸಿ ತೆಗೆದ ಮೇಲೆ ಗಾಜು ಕನ್ನಡಿಯಷ್ಟು ಸ್ವಚ್ಛವಾಯಿತು. ಈಗ ಆಟ ಓಡುತ್ತಿದ್ದರೂ ಗಾಜಿನಲ್ಲಿ ಏನೂ ಇಲ್ಲ. ಹೊಸ ಪೋಲರೈಸರ್ ಚೂರನ್ನು ಮೇಲೆ ಹಿಡಿದ ಕೂಡಲೇ ಎಲ್ಲಿಂದಲೋ ಕಪ್ಪು ಬೊಂಬೆಗಳು ಎದ್ದು ಬಂದವು. ಹಾಳೆಯನ್ನು ಕಾಲು ಸುತ್ತು ತಿರುಗಿಸಿದರೆ ಎಲ್ಲ ತಿರುವುಮುರುವು: ಹಿನ್ನೆಲೆ ಕಪ್ಪು, ಬೊಂಬೆ ಬೆಳ್ಳಗೆ. ಎಷ್ಟು ಸಲ ಮಾಡಿದರೂ ಬೇಸರ ಬಾರದ ಆಟ ಇದು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಈ ಕೆಲಸ ಮಾಡುವಾಗ ನನಗೆ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ ನೆನಪಾಗುತ್ತದೆ. ದ್ರವ ಹರಳಿಗೆ ಕಡ್ಡಿಯ ಆಕಾರದ ಅಣುಗಳೇ ಬೇಕು ಅಂತ ಆಗ ಎಲ್ಲರೂ ತಿಳಿದಿದ್ದರು. ಅಲ್ಲಿದ್ದ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ತಟ್ಟೆಯಾಕಾರದ ಅಣುಗಳೂ ದ್ರವ ಹರಳಾಗುತ್ತವೆ ಅಂತ 1977ರಲ್ಲಿ ತೋರಿಸಿದರು. ಮುಂದೆ ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೂ ಚಿತ್ರ ಮಾಸದಂತೆ ಮಾಡುವ ತೆಳು ಹಾಳೆಗಳಲ್ಲಿ ಇಂಥ ತಟ್ಟೆ ಅಣುಗಳನ್ನೇ ಬಳಸಿದರು. ಪ್ರಪಂಚದ ಎಷ್ಟೋ ಮಾನಿಟರುಗಳ ಒಳಗೆ ಮೇಖ್ರಿ ಸರ್ಕಲ್ ಹತ್ತಿರ ಹುಟ್ಟಿದ ವಿಚಾರ ಕೂತಿದೆ. ಆ ದಾರಿಯಲ್ಲಿ ದಿನಾ ಓಡಾಡುವವರಿಗೂ ಇದು ಗೊತ್ತಿಲ್ಲ ಅನ್ನುವುದು ನನಗೆ ನಿಜವಾಗಿ ಬೇಜಾರಿನ ಸಂಗತಿ.

ಇನ್ನು ಪವರ್ ಸಪ್ಲೈ. ಅಡಿಯ ಸ್ಕ್ರೂ ತೆಗೆದು ಡಬ್ಬಿ ಹೊರಗೆಳೆದೆ. ಒಳಗಿನ ದೊಡ್ಡ ಕಂಡೆನ್ಸರ್ ಪ್ಲಗ್ ತೆಗೆದ ಮೇಲೂ 300 ವೋಲ್ಟಿಗಿಂತ ಜಾಸ್ತಿ ಹಿಡಿದಿಟ್ಟುಕೊಳ್ಳಬಲ್ಲದು. ಇದು ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಯಂತ್ರ, ಆದರೂ ಮೀಟರ್ ಇಟ್ಟು ಸೊನ್ನೆ ಅಂತ ನೋಡಿಕೊಂಡೇ ಕೈ ಹಾಕಿದೆ. ಈ ಅಭ್ಯಾಸ ಬಿಡಬಾರದು. ಫಿಲ್ಟರ್ ಕಂಡೆನ್ಸರುಗಳ ಮೈತುಂಬ ಒಣಗಿದ ಕೆರೆಯಂಥ ಬಿರುಕು. ಕಿತ್ತು, ಈಗಿನ ಪಾಲಿಪ್ರೊಪಿಲೀನ್ ಜಾತಿಯವನ್ನು ಹಾಕಿದೆ. ಕೊಳ್ಳುವಾಗ 'ಎಕ್ಸ್2' ಗುರುತು ಇದೆಯಾ ಅಂತ ನೋಡಲೇಬೇಕು. ಮೇನ್ಸಿಗೆ ನೇರವಾಗಿ ಕೂರುವ ಜಾಗಕ್ಕೆ ಬೇರೆ ಯಾವುದೂ ಸಲ್ಲದು. ಎಸ್.ಪಿ. ರೋಡಿನಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತವೆ. ಜೊತೆಗೆ ಸಪ್ಲೈಗೆ ಚಾಲನೆ ಕೊಡುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರನ್ನೂ ಬದಲಾಯಿಸಿದೆ.

ಮೊದಲ ಸಲ ಕರೆಂಟು ಕೊಡುವುದಕ್ಕೆ ನಮ್ಮ ಬಡಾವಣೆಯ ಹಳೇ ಟಿವಿ ಮೆಕ್ಯಾನಿಕ್ ಹತ್ತಿರ ಹೋದೆ. ಅವರ ಬಳಿ ಸೀರೀಸ್ ಬೋರ್ಡ್ ಇದೆ. ಸಾಲಿನಲ್ಲಿ 100 ವಾಟಿನ ಬಲ್ಬು ಹಾಕಿರುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿಯುತ್ತದೆ, ಯಂತ್ರ ಉಳಿಯುತ್ತದೆ. ಇದಕ್ಕೆ ಹಳೇ ಫಿಲಮೆಂಟ್ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯುವುದಿಲ್ಲ. ಅವರು ಆ ಬಲ್ಬುಗಳನ್ನು ಹುಡುಕಿ ಹುಡುಕಿ ಕೂಡಿಟ್ಟಿದ್ದಾರೆ.

"ಲೋಡ್ ಇಲ್ದೆ ಆನ್ ಮಾಡ್ಬಾರ್ದಪ್ಪ," ಅಂದರು. ಅಂದವರೇ ಐದು ವೋಲ್ಟಿನ ತಂತಿಗಳಿಗೆ ಕಾರಿನದ್ದೊಂದು ಬಲ್ಬು ಕಟ್ಟಿದರು.

"ಅಂಕಲ್, ಹಾಕ್ಲಾ?"

"ಹಾಕು. ಕೈ ಮಾತ್ರ ಬೆನ್ನ ಹಿಂದೆ ಇರ್ಲಿ."

ದೊಡ್ಡ ಬಲ್ಬು ಒಂದು ಸಲ ಮಿಂಚಿ ಮಂದವಾಯಿತು. ಕಾರಿನ ಬಲ್ಬು ಮಂಕಾಗಿ ಹತ್ತಿಕೊಂಡಿತು. ಮೀಟರಿನಲ್ಲಿ ಐದು ವೋಲ್ಟ್ ಸರಿಯಾಗಿ, ನೇರಳೆ ತಂತಿಯಲ್ಲಿ ಮೈನಸ್ ಐದು. ಅವರು ತಲೆ ಆಡಿಸಿದರು. ಈ ಮನುಷ್ಯ ಪಿಕ್ಚರ್ ಟ್ಯೂಬ್ ಟಿವಿಗಳನ್ನು ಇಡೀ ಬದುಕು ರಿಪೇರಿ ಮಾಡಿದವರು. ನಮ್ಮಂಥ ಹವ್ಯಾಸಿಗಳಿಗೆ ಬೇಕಾದ ವಿದ್ಯೆಯೆಲ್ಲ ಇಂಥವರ ಕೈಯಲ್ಲಿದೆ. ಅವರಿರುವಾಗಲೇ ಹೋಗಿ ಕಲಿಯಬೇಕು.

ಮನೆಗೆ ತಂದು ಮೂರು ಕೆಂಪು, ಮೂರು ಕಪ್ಪು, ಒಂದು ನೇರಳೆ ತಂತಿಯನ್ನು ಬೋರ್ಡಿಗೆ ಸಿಕ್ಕಿಸಿದೆ. ಸ್ವಿಚ್ ಒತ್ತಿದೆ. "ಗುಂಯ್" ಅಂತ ಸದ್ದು ಶುರುವಾಯಿತು, ನಿಲ್ಲಲಿಲ್ಲ.

ಆರೋಗ್ಯವಾಗಿರುವ ಬಿಬಿಸಿ ಮೈಕ್ರೋ ಆನ್ ಆದಾಗ ಎರಡು ಸದ್ದು ಮಾಡುತ್ತದೆ: ಮೊದಲು ತಗ್ಗಿದ ಗುಂಯ್, ಅದರ ಬೆನ್ನಿಗೇ ಚುರುಕಾದ ಪೀಪ್. ಕರೆಂಟು ಬಂದ ತಕ್ಷಣ ಸೌಂಡ್ ಚಿಪ್ ತಾನೇ ಸದ್ದು ಹೊರಡಿಸುತ್ತದೆ. ಆಪರೇಟಿಂಗ್ ಸಿಸ್ಟಂ ಎದ್ದ ಮೇಲೆ ಅದನ್ನು ಸುಮ್ಮನಾಗಿಸಿ ಪೀಪ್ ಅನ್ನಿಸುತ್ತದೆ. ಗುಂಯ್ ನಿಲ್ಲದೇ ಇದ್ದರೆ ಪ್ರೊಸೆಸರ್ ಮುಂದೆ ಹೋಗಿಲ್ಲ ಅಂತ ಅರ್ಥ. ಕಾಯಿಲೆಯನ್ನು ಯಂತ್ರವೇ ಬಾಯಿಬಿಟ್ಟು ಹೇಳುತ್ತದೆ.

ಇಂಥ ಹೊತ್ತಿನಲ್ಲಿ ಮೊದಲು ಸಾಕೆಟ್ಟಿನಲ್ಲಿರುವ ಚಿಪ್ಪುಗಳನ್ನು ನೋಡಬೇಕು. ಆಪರೇಟಿಂಗ್ ಸಿಸ್ಟಂ ಇರುವ ರೋಮ್ ಚಿಪ್ಪನ್ನು (ಕರೆಂಟು ಹೋದರೂ ಅಳಿಯದ ಮೆಮೊರಿ) ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಿ ತೆಗೆದೆ. ಕಾಲುಗಳೆಲ್ಲ ಕಪ್ಪು. ಬೆಳ್ಳಿ ಲೇಪದ ಕಾಲುಗಳು ಗಾಳಿಯ ಗಂಧಕಕ್ಕೆ ಹೀಗಾಗುತ್ತವೆ. ಪೆನ್ಸಿಲ್ ರಬ್ಬರಿನಿಂದ ಒಂದೊಂದು ಕಾಲನ್ನೂ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿದೆ. ಬೇಸಿಕ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ರೋಮ್, ಪ್ರೊಸೆಸರ್, ಎಲ್ಲಕ್ಕೂ ಅದೇ ಉಪಚಾರ. ಅವಸರ ಮಾಡಿದರೆ ಕಾಲು ಮುರಿಯುತ್ತದೆ.

ರೋಮ್ ಕೈಯಲ್ಲಿದ್ದಾಗಲೇ ಅದನ್ನು ಚಿಪ್ ಓದುವ ರೀಡರಿನಲ್ಲಿ ಇಟ್ಟು ಒಳಗಿನದ್ದನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಮಾಹಿತಿ ಕೆಟ್ಟಿದೆಯಾ ಅಂತ ನೋಡುವುದಕ್ಕೆ, ಜೊತೆಗೆ ಅಲ್ಲಿ ಅಡಗಿರುವ ಒಂದು ವಿಷಯವನ್ನು ನನ್ನ ಕಣ್ಣಾರೆ ಓದುವುದಕ್ಕೆ. ಈ 16 ಕಿಲೋಬೈಟ್ ರೋಮ್‌ನ ಕೊನೆಯ ಭಾಗದಲ್ಲಿ 768 ಬೈಟುಗಳ ಜಾಗ ಪ್ರೊಸೆಸರಿಗೆ ಕಾಣುವುದೇ ಇಲ್ಲ. ಆ ವಿಳಾಸಗಳನ್ನು ಕೀಬೋರ್ಡ್, ಸೌಂಡ್ ಮುಂತಾದ ಹಾರ್ಡ್‌ವೇರಿಗೆ ಬಿಟ್ಟುಕೊಟ್ಟಿದ್ದಾರೆ. ಖಾಲಿ ಉಳಿದ ಆ ಜಾಗದಲ್ಲಿ ಏಕಾರ್ನ್‌ನವರು ಯಂತ್ರ ಮಾಡಲು ನೆರವಾದವರ ಹೆಸರುಗಳನ್ನು ಬರೆದಿಟ್ಟರು. ಸ್ಟೀವ್ ಫರ್ಬರ್, ಹರ್ಮನ್ ಹೌಸರ್ ಅವರ ಹೆಸರುಗಳಿವೆ. '6502ರ ವಿನ್ಯಾಸಕಾರರು' ಅಂತಲೂ ಇದೆ. ವಿಲ್ಬರ್‌ಫೋರ್ಸ್ ರೋಡ್ ಅನ್ನುವ ಒಂದು ರಸ್ತೆಗೂ ಧನ್ಯವಾದ ಹೇಳಿದ್ದಾರೆ. ಯಂತ್ರದಲ್ಲಿ ಕೂತು ಇದನ್ನು ಸುಲಭವಾಗಿ ಓದಲು ಆಗುವುದಿಲ್ಲ, ಚಿಪ್ಪನ್ನು ಹೊರಗೆ ತೆಗೆದವರಿಗೆ ಸಿಗುತ್ತದೆ. ನನ್ನ ಪರದೆಯ ಮೇಲೆ ಆ ಹೆಸರುಗಳು ಸಾಲಾಗಿ ಬಂದಾಗ ಮೈ ಜುಮ್ ಅಂದಿತು. ಶಾಲೆಯ ಬೀರುವಿನಲ್ಲಿ, ಗುಜರಿ ಮೂಟೆಯಲ್ಲಿ, ಇಷ್ಟು ವರ್ಷ ಆ ಹೆಸರುಗಳು ಒಂದಕ್ಷರ ಕೆಡದೆ ಉಳಿದಿವೆ.

ಏಕಾರ್ನ್‌ನ ಇಂಜಿನಿಯರುಗಳಾದ ಫರ್ಬರ್ ಮತ್ತು ಸೋಫಿ ವಿಲ್ಸನ್ ಮುಂದೆ ಸೇರಿ ಮಾಡಿದ್ದು ಏಆರ್‌ಎಂ ಪ್ರೊಸೆಸರ್. ವಿಲ್ಸನ್ ಅದರ ಸೂಚನೆಗಳನ್ನು ಮೊದಲು ಪರೀಕ್ಷೆ ಮಾಡಿದ್ದು ಬಿಬಿಸಿ ಬೇಸಿಕ್‌ನಲ್ಲೇ. 1985ರ ಏಪ್ರಿಲ್ 26ರಂದು ಮೊದಲ ಚಿಪ್ ಬಂದಾಗ ಅದನ್ನು ಓಡಿಸಿ ನೋಡಿದ್ದೂ ಬಿಬಿಸಿ ಮೈಕ್ರೋಗೆ ಜೋಡಿಸಿಯೇ. ನಿಮ್ಮ ಫೋನಿನೊಳಗಿರುವುದು ಅದರ ವಂಶದ್ದೇ. ಅದೇ ಹೆಸರಿನ ಏಆರ್‌ಎಂ ಕಂಪನಿಯ ದೊಡ್ಡ ವಿನ್ಯಾಸ ಕೇಂದ್ರ ಈಗ ಬೆಂಗಳೂರಿನಲ್ಲೂ ಇದೆ.

ಚಿಪ್ಪುಗಳನ್ನೆಲ್ಲ ವಾಪಸ್ ಕೂರಿಸಿ ಸ್ವಿಚ್ ಒತ್ತಿದೆ. ಗುಂಯ್, ಪೀಪ್! ಕ್ಯಾಪ್ಸ್‌ಲಾಕ್ ದೀಪ ಹತ್ತಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಚಿತ್ರ ನೋಡುವುದು ಸುಲಭದ ಕೆಲಸ. ಹಿಂದೆ ಬಿಎನ್‌ಸಿ ಸಾಕೆಟ್ಟಿದೆ. ಸಿಸಿಟಿವಿ ಕ್ಯಾಮೆರಾಗಳಿಗೂ ಅದನ್ನೇ ಬಳಸುವುದರಿಂದ ಅದನ್ನು ಟಿವಿಯ ಹಳದಿ ಎವಿ ಪಿನ್ನಿಗೆ ಹೊಂದಿಸುವ ಅಡಾಪ್ಟರ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಬ್ರಿಟನ್ನಿನಲ್ಲೂ ನಮ್ಮಲ್ಲೂ ಟಿವಿ ಪ್ರಸಾರಕ್ಕೆ ಪಾಲ್ ಪದ್ಧತಿಯೇ ಇದ್ದದ್ದು, ಹಾಗಾಗಿ ನಮ್ಮ ಹಳೇ ಟಿವಿ ಸಾಕು. ನಾನು ಇಟ್ಟುಕೊಂಡಿರುವುದು 14 ಇಂಚಿನ ಪಿಕ್ಚರ್ ಟ್ಯೂಬ್ ಟಿವಿ. ಪರದೆಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ', ಕೆಳಗೆ 'ಬೇಸಿಕ್', ಅದರ ಕೆಳಗೆ ಮಿನುಗುವ ಕರ್ಸರ್. ಹೊಸ ಎಲ್‌ಇಡಿ ಟಿವಿಯಲ್ಲೂ ಬರುತ್ತದೆ, ಆದರೆ ಅಕ್ಷರಗಳು ಹರಿತವಾಗಿ, ಒರಟಾಗಿ ಕಾಣುತ್ತವೆ. ಈ ಅಕ್ಷರಗಳನ್ನು ಕೆತ್ತಿದ್ದೇ ಟ್ಯೂಬಿನ ಮೃದು ಬೆಳಕಿಗಾಗಿ. ಈ ಯಂತ್ರ ಪರದೆಯಲ್ಲಿ ತೋರಿಸುವ ಹಲವು ಬಗೆಗಳಲ್ಲಿ ಇದು ಮೋಡ್ 7. ಟಿವಿಯಲ್ಲಿ ಸುದ್ದಿ ತೋರಿಸುತ್ತಿದ್ದ ಟೆಲಿಟೆಕ್ಸ್ಟ್ ಚಿಪ್ಪನ್ನೇ ಬಳಸಿ, ಪೂರ್ತಿ ಪರದೆಯನ್ನು ಒಂದೇ ಕಿಲೋಬೈಟಿನಲ್ಲಿ ತೋರಿಸುತ್ತದೆ. ಎಂಟು ಬಣ್ಣದ ಮೋಡ್ 2 ಆದರೆ 20 ಕಿಲೋಬೈಟ್ ನುಂಗಿಬಿಡುತ್ತದೆ. 32ರಲ್ಲಿ 20 ಹೋದರೆ ಪ್ರೋಗ್ರಾಮಿಗೆ ಉಳಿಯುವುದೆಷ್ಟು? ಆ ಕಾಲದವರ ಜಾಣತನವೆಲ್ಲ ಈ ಲೆಕ್ಕದಲ್ಲಿತ್ತು.

ಪ್ರೋಗ್ರಾಮ್ ಹಾಕಲು ಕ್ಯಾಸೆಟ್ ಪ್ಲೇಯರೇ ಬೇಕಿಲ್ಲ. ಕ್ಯಾಸೆಟ್ಟಿನ ಸದ್ದನ್ನು ಧ್ವನಿ ಫೈಲ್ ಮಾಡಿಕೊಂಡು ಫೋನಿನ ಹೆಡ್‌ಫೋನ್ ಪಿನ್ನಿನಿಂದ ಕೊಟ್ಟರೆ ಸಾಕು. ಲೋಡ್ ಅಂತ ಟೈಪ್ ಮಾಡಿದರೆ ಒಳಗಿನ ರಿಲೇ ಟಕ್ ಅನ್ನುತ್ತದೆ, ಮೋಟಾರ್ ದೀಪ ಹತ್ತುತ್ತದೆ. ವಾಲ್ಯೂಮ್ ಜಾಸ್ತಿಯೇ ಇರಬೇಕು, ಫೋನಿನ ಈಕ್ವಲೈಜರ್ ಆಫ್ ಇರಬೇಕು. ತಂಗಿಯ ಮಗಳು ಹತ್ತು ಸಾಲಿನ ಬೇಸಿಕ್ ಪ್ರೋಗ್ರಾಮ್ ಬರೆದು ತನ್ನ ಹೆಸರನ್ನು ಪರದೆ ತುಂಬ ಓಡಿಸಿದಳು. "ಮಾಮ, ಇದು ಆನ್ ಮಾಡಿದ ತಕ್ಷಣ ರೆಡಿ ಆಗುತ್ತಲ್ಲ, ನಮ್ಮ ಲ್ಯಾಪ್‌ಟಾಪ್ ಯಾಕೆ ಆಗಲ್ಲ?" ಅಂತ ಕೇಳಿದಳು. ರೋಮ್ ಚಿಪ್ ತೋರಿಸಿ, ಎಲ್ಲ ಇದರಲ್ಲೇ ಸಿದ್ಧವಾಗಿ ಕೂತಿದೆ, ಎಲ್ಲಿಂದಲೂ ತರಬೇಕಿಲ್ಲ ಅಂತ ವಿವರಿಸಿದೆ.

ಈಗ ಫ್ಲಾಪಿಗಳ ಕೆಲಸ ಹಿಡಿದಿದ್ದೇನೆ. ಅದೇ ಮೂಟೆಯಲ್ಲಿ 5¼ ಇಂಚಿನ ಒಂದಿಷ್ಟು ಫ್ಲಾಪಿಗಳು ಬಂದಿವೆ. ಕೆಲವುಗಳ ಲೇಬಲ್ ಮೇಲೆ ಇಂಕ್ ಪೆನ್ನಿನಲ್ಲಿ ಮಕ್ಕಳ ಹೆಸರು, ತರಗತಿ ಬರೆದಿದೆ. ತೇವಕ್ಕೆ ಬೂಷ್ಟು ಹಿಡಿದಿದೆ, ಹಾಗೇ ಡ್ರೈವಿಗೆ ಹಾಕಿದರೆ ಹೆಡ್ ಕೂಡ ಹಾಳು. ಕವರಿನ ಒಂದು ಅಂಚು ಕತ್ತರಿಸಿ, ಒಳಗಿನ ತಟ್ಟೆ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಬೇರೆ ಸ್ವಚ್ಛವಾದ ಕವರಿಗೆ ಹಾಕಿ ಓದಿಸಬೇಕು. ಹಳೇ ಕವರುಗಳನ್ನು ಮಾತ್ರ ಬಿಸಾಡುವುದಿಲ್ಲ, ಹೆಸರು ಇರುವುದು ಅವುಗಳ ಮೇಲೆ. ನಿಮ್ಮ ಮನೆಯಲ್ಲಿ, ನೀವು ಓದಿದ ಶಾಲೆಯಲ್ಲಿ ಇಂಥ ಫ್ಲಾಪಿ, ಇಂಥ ಯಂತ್ರ ಇದ್ದರೆ ಗುಜರಿಗೆ ಹಾಕುವ ಮುಂಚೆ ನಮ್ಮಂಥ ಯಾರಿಗಾದರೂ ಒಂದು ಮಾತು ಹೇಳಿ. ಅಲ್ಲಿಯವರೆಗೆ ಪ್ಲಗ್ ಹಾಕಬೇಡಿ.